ಬಜೆಟ್ ಫರ್ನೇಸ್ ಮತ್ತು ಸೆಂಟ್ರಲ್ ಎಸಿ: ನಾನು ಬಾಳಿ ನೋಡಿದ ಮೂರು ಜೋಡಿ

2023ರ ಅಕ್ಟೋಬರ್. ವರ್ಷದ ಸರ್ವಿಸ್‌ಗೆ ಬಂದವರು ನಮ್ಮ ಫರ್ನೇಸ್‌ನ (ಗ್ಯಾಸ್ ಉರಿಸಿ ಮನೆಗೆಲ್ಲ ಬಿಸಿ ಗಾಳಿ ಕಳಿಸುವ ಯಂತ್ರ) ಹೀಟ್ ಎಕ್ಸ್‌ಚೇಂಜರ್‌ನಲ್ಲಿ, ಅಂದರೆ ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಲೋಹದ ಭಾಗದಲ್ಲಿ, ಬಿರುಕು ತೋರಿಸಿದರು. 1998ರಲ್ಲಿ ಮನೆ ಕಟ್ಟಿದಾಗ ಹಾಕಿದ ಫರ್ನೇಸ್ ಅದು. ಅಲ್ಲಿ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಮನೆಯೊಳಗೆ ಸೇರಬಹುದು. ಅವರು ಗ್ಯಾಸ್ ವಾಲ್ವ್ ಮುಚ್ಚಿ, ಕೆಂಪು ಚೀಟಿ ಕಟ್ಟಿ ಹೋದರು. ಶಿಕಾಗೋ ಸುತ್ತಮುತ್ತ ಇರುವವರಿಗೆ ಹೇಳಬೇಕಿಲ್ಲ, ಅಕ್ಟೋಬರ್ ಕೊನೆಯಲ್ಲಿ ಫರ್ನೇಸ್ ಇಲ್ಲದೆ ಜಾಸ್ತಿ ದಿನ ಇರೋಕಾಗಲ್ಲ.

ಹೊರಗಿನ ಎಸಿಗೂ ಅಷ್ಟೇ ವಯಸ್ಸಾಗಿತ್ತು. ಇಲ್ಲಿನ ಮನೆಗಳಲ್ಲಿ ಎರಡಕ್ಕೂ ಗಾಳಿ ಊದುವ ಬ್ಲೋವರ್ ಒಂದೇ, ಅದನ್ನು ಕೋಣೆಗಳಿಗೆ ಒಯ್ಯುವ ಡಕ್ಟ್ ಕೂಡ ಒಂದೇ. ಗಾಳಿಯನ್ನು ತಂಪು ಮಾಡುವ ಎಸಿಯ ಕಾಯಿಲ್ ಫರ್ನೇಸ್‌ನ ತಲೆಯ ಮೇಲೇ ಕೂತಿರುತ್ತೆ. ಹಾಗಾಗಿ ಒಂದೇ ಸಲ ಬದಲಾಯಿಸಿದರೆ ಕೂಲಿ ಉಳಿಯುತ್ತೆ. ಅದರಲ್ಲೂ ನಮ್ಮ ಹಳೇ ಎಸಿಯಲ್ಲಿ ತಂಪು ಮಾಡೋಕೆ ಇದ್ದದ್ದು ಆರ್-22 ಗ್ಯಾಸ್. ಅಮೆರಿಕದಲ್ಲಿ 2020ರ ಜನವರಿಯಿಂದ ಅದನ್ನು ಹೊಸದಾಗಿ ತಯಾರಿಸುವಂತಿಲ್ಲ, ಹೊರಗಿನಿಂದ ತರಿಸುವಂತಿಲ್ಲ. ಸೋರಿದರೆ ತುಂಬಿಸೋದಕ್ಕೆ ದುಬಾರಿ.

ಮೂರು ಕೊಟೇಶನ್ ತರಿಸಿದೆವು. ಇಲ್ಲಿ ಪರ್ಸೆಂಟ್ ಅಂದರೆ ಸುಟ್ಟ ಗ್ಯಾಸಿನಲ್ಲಿ ಮನೆಗೆ ಬಿಸಿಯಾಗಿ ಸಿಗುವ ಪಾಲು, ಸ್ಟೇಜ್ ಅಂದರೆ ಓಡುವ ಮಟ್ಟ, ಟನ್ ಅಂದರೆ ಎಸಿ ತಂಪು ಮಾಡುವ ಶಕ್ತಿ. ಮೊದಲನೆಯದು 80 ಪರ್ಸೆಂಟ್ ಫರ್ನೇಸ್, ಸಿಂಗಲ್ ಸ್ಟೇಜ್, ಜೊತೆಗೆ ಮೂರೂವರೆ ಟನ್ ಎಸಿ: 8,400 ಡಾಲರ್. ಎರಡನೆಯದು 96 ಪರ್ಸೆಂಟ್ ಫರ್ನೇಸ್, ಅದೂ ಸಿಂಗಲ್ ಸ್ಟೇಜ್, ಎರಡೂವರೆ ಟನ್ ಎಸಿ: 10,300. ಮೂರನೆಯದು 96 ಪರ್ಸೆಂಟ್ ಟೂ ಸ್ಟೇಜ್ ಫರ್ನೇಸ್, ಟೂ ಸ್ಟೇಜ್ ಎಸಿ: 14,900.

ಈ ಮೂರರಲ್ಲಿ ಎರಡರ ಜೊತೆ ನಾನು ಆಗಲೇ ಬಾಳಿದ್ದೆ. 2013ರಿಂದ 2020ರವರೆಗೆ ನಮ್ಮ ಟೌನ್‌ಹೌಸ್‌ನಲ್ಲಿ ಇದ್ದದ್ದು ಮೊದಲ ಥರದ ಜೋಡಿ. ಅದನ್ನು ಮಾರಿದ ಮೇಲೆ ಬೇರೆ ಮನೆ ಸಿಗದೆ ಏಳು ತಿಂಗಳು ತಮ್ಮನ ಮನೆಯಲ್ಲಿ ಇದ್ದೆವು. ಅಲ್ಲಿರುವುದು ಮೂರನೇ ಥರದ್ದು. ಒಂದು ಪೂರ್ತಿ ಚಳಿಗಾಲ, ಬೇಸಿಗೆಯ ಒಂದಿಷ್ಟು ದಿನ ಅದರಡಿ ಕಳೆದೆವು. ಎರಡನೆಯದನ್ನು ಕೊಂಡುಕೊಂಡೆವು. ಆಮೇಲೆ ಎರಡು ಚಳಿಗಾಲ, ಎರಡು ಬೇಸಿಗೆ ಅದರ ಜೊತೆ ಕಳೆದೇ ಇದನ್ನು ಬರೆಯುತ್ತಿದ್ದೇನೆ.

ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕಿಲ್ಲ. ಬಜೆಟ್ ಮಟ್ಟದಲ್ಲಿ ಹೆಸರಿನ ವ್ಯತ್ಯಾಸ ಕಾಣುವಷ್ಟಿಲ್ಲ. ಗುಡ್‌ಮನ್ ಮತ್ತು ಅಮಾನ ಎರಡೂ ಡೈಕಿನ್ ಮನೆಯವೇ. ಬ್ರಯಂಟ್, ಪೇನ್ ಎರಡೂ ಕ್ಯಾರಿಯರ್‌ನವು. ರೀಮ್ ಮತ್ತು ರೂಡ್ ಅಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ನಾನು ತೂಗಿ ನೋಡಿದ್ದು ಬೇರೆ ವಿಷಯ: ಅಳತೆ.

ಮೊದಲು 80 ಪರ್ಸೆಂಟ್‌ನ ಮಾತು. ನೂರು ರೂಪಾಯಿಯ ಗ್ಯಾಸ್ ಸುಟ್ಟರೆ ಎಂಬತ್ತು ರೂಪಾಯಿಯ ಬಿಸಿ ಮನೆಗೆ, ಇಪ್ಪತ್ತು ರೂಪಾಯಿಯದ್ದು ಚಿಮಣಿಯಲ್ಲಿ ಹೊರಗೆ. ಲೆಕ್ಕ ಇಷ್ಟೇ. ಆದರೆ ಅದನ್ನು ಹಗುರವಾಗಿ ಕಾಣಬೇಡಿ. ಏಳು ವರ್ಷದಲ್ಲಿ ನಮ್ಮ ಟೌನ್‌ಹೌಸ್‌ನ ಫರ್ನೇಸ್ ಕೈಕೊಟ್ಟದ್ದು ಒಂದೇ ಸಲ. ಅದೂ ಫ್ಲೇಮ್ ಸೆನ್ಸರ್ ಮೇಲೆ ಮಸಿ ಕೂತಿತ್ತು, ಉಜ್ಜಿ ಹಾಕಿದ ಮೇಲೆ ಸರಿಹೋಯಿತು. 2019ರ ಜನವರಿ 30ರಂದು ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 23 ಡಿಗ್ರಿ ಕೆಳಗೆ ಇಳಿದಿತ್ತು, ಫ್ಯಾರನ್‌ಹೀಟ್‌ನಲ್ಲಿ. ಅವತ್ತು ಕೂಡ ನಮ್ಮ ಮನೆಯೊಳಗೆ 70 ಇತ್ತು. ಅದರ ಹೊಗೆ ಬಿಸಿಯಾಗಿ ಲೋಹದ ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತೆ. ನೀರು ಇಲ್ಲ, ಹೆಪ್ಪುಗಟ್ಟುವ ಚಿಂತೆ ಇಲ್ಲ.

ತೊಂದರೆ ಇದ್ದದ್ದು ಬಿಸಿ ಬರುವ ರೀತಿಯಲ್ಲಿ. ಆ ಪುಟ್ಟ ಮನೆಗೆ ಅದು ವಿಪರೀತ ದೊಡ್ಡದಿತ್ತು. ಧಡ್ ಅಂತ ಶುರುವಾಗಿ, ಐದಾರು ನಿಮಿಷ ಬಿಸಿ ಗಾಳಿ ಊದಿ, ನಿಂತುಬಿಡುತ್ತಿತ್ತು. ಹಾಲ್‌ನಲ್ಲಿ ಬೆವರು, ಮೇಲಿನ ಮೂಲೆಯ ಕೋಣೆಯಲ್ಲಿ ನಡುಕ. ಊರಿಂದ ಬಂದಿದ್ದ ಅಮ್ಮ ಆ ಕೋಣೆಯಲ್ಲಿ ಮಲಗುತ್ತಿದ್ದರು. "ಇದು ಬಂತು ಅಂದುಕೊಳ್ಳುವಷ್ಟರಲ್ಲಿ ಹೋಗುತ್ತೆ" ಅನ್ನುತ್ತಿದ್ದರು. ಬೇಸಿಗೆಯಲ್ಲೂ ಅದೇ ಕತೆ. ಎಸಿ ಬೇಗ ತಂಪು ಮಾಡಿ ನಿಲ್ಲುತ್ತಿತ್ತು, ಆದರೆ ಗಾಳಿಯ ತೇವ ಹಾಗೇ ಉಳಿಯುತ್ತಿತ್ತು. ಕಾಯಿಲ್ ಮೇಲೆ ನೀರು ಕಟ್ಟಿ ಹರಿದುಹೋಗೋಕೆ ಎಸಿ ಒಂದೇ ಸಮನೆ ಬಹಳ ಹೊತ್ತು ಓಡಬೇಕು. ಓಡದಿದ್ದರೆ ಮನೆ ತಂಪಾಗಿಯೂ ಅಂಟಂಟಾಗಿರುತ್ತೆ.

ತಮ್ಮನ ಮನೆಗೆ ಹೋದ ಮೊದಲ ರಾತ್ರಿಯೇ ವ್ಯತ್ಯಾಸ ಗೊತ್ತಾಯಿತು. ಫರ್ನೇಸ್ ಶುರುವಾದದ್ದೇ ಕೇಳಿಸಲಿಲ್ಲ. ಟೂ ಸ್ಟೇಜ್ ಅಂದರೆ ಗ್ಯಾಸ್ ವಾಲ್ವ್‌ಗೆ ಎರಡು ಮಟ್ಟ. ಸಾಧಾರಣ ಚಳಿಗೆ ಕೆಳಗಿನ ಮಟ್ಟದಲ್ಲಿ ಉರಿಯುತ್ತೆ, ಕೊರೆಯುವ ಚಳಿಗೆ ಪೂರ್ತಿ. ಬ್ಲೋವರ್ ಕೂಡ ನಿಧಾನ ಏರುತ್ತೆ, ನಿಧಾನ ಇಳಿಯುತ್ತೆ. ಅಮ್ಮ ಆ ಚಳಿಗಾಲ ಒಂದು ದಿನವೂ ದೂರಲಿಲ್ಲ. ಇದು ನಿಜವಾದ ಸುಖ, ಅದನ್ನು ಕಡಿಮೆ ಮಾಡಿ ಹೇಳಲಾರೆ.

ಆದರೆ ಅದೇ ಮನೆಯಲ್ಲಿ ಎರಡು ಪಾಠ ಸಿಕ್ಕವು. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದು ಬಿದ್ದು ರಾಶಿಯಾಗಿತ್ತು. ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಮನೆಯೊಳಗೆ 61 ಡಿಗ್ರಿ. 96 ಪರ್ಸೆಂಟ್ ಫರ್ನೇಸ್ ಹೊಗೆಯಲ್ಲಿನ ಬಿಸಿಯನ್ನೂ ಹಿಂಡಿಕೊಳ್ಳುತ್ತೆ. ಉಳಿಯೋದು ತಣ್ಣನೆಯ ಹೊಗೆ, ಸ್ವಲ್ಪ ನೀರು. ಹಾಗಾಗಿ ಚಿಮಣಿ ಬೇಡ, ಗೋಡೆಯ ಪಕ್ಕಕ್ಕೆ ಪಿವಿಸಿ ಪೈಪ್ ಸಾಕು. ತಮ್ಮನ ಮನೆಗೆ ಹಾಕಿದವರು ಆ ಪೈಪನ್ನು ನೆಲಕ್ಕೆ ತೀರಾ ಹತ್ತಿರ ಇಟ್ಟಿದ್ದರು. ಹಿಮ ಅದರ ಬಾಯಿ ಮುಚ್ಚಿತ್ತು. ಪ್ರೆಶರ್ ಸ್ವಿಚ್ ಅದನ್ನು ಕಂಡುಕೊಂಡು ಫರ್ನೇಸನ್ನು ನಿಲ್ಲಿಸಿತ್ತು, ಅದು ಮಾಡಬೇಕಾದದ್ದೂ ಅದೇ. ಕತ್ತಲಲ್ಲಿ ನಾನು, ತಮ್ಮ ಇಬ್ಬರೂ ಸಲಿಕೆ ಹಿಡಿದು ಹಿಮ ಎತ್ತಿದೆವು. ವಸಂತದಲ್ಲಿ ಪೈಪನ್ನು ಮೇಲಕ್ಕೆ ಎತ್ತಿಸಿದ. ನೀವು ಈ ಥರದ್ದು ಹಾಕಿಸುವುದಾದರೆ ಹಿಮ ಎಷ್ಟು ಎತ್ತರ ಕೂರುತ್ತೋ ಅದಕ್ಕಿಂತ ಒಂದು ಅಡಿಯಾದರೂ ಮೇಲೆ ಪೈಪ್ ಇರಲಿ ಅಂತ ಮೊದಲೇ ಹೇಳಿ.

ಇನ್ನೊಂದು ಪಾಠ ಬ್ಲೋವರ್ ಮೋಟಾರ್‌ನಿಂದ. ಆರನೇ ವರ್ಷಕ್ಕೆ ಅದರ ಎಲೆಕ್ಟ್ರಾನಿಕ್ ಭಾಗ ಕೆಟ್ಟಿತು. ಬಿಡಿಭಾಗಕ್ಕೆ ಹತ್ತು ವರ್ಷದ ವಾರಂಟಿ ಇತ್ತು, ಆದರೆ ಕೂಲಿ, ಬಂದು ಹೋಗುವ ಚಾರ್ಜು ಸೇರಿ 700 ಡಾಲರ್ ಮೇಲಾಯಿತು. ಹತ್ತು ವರ್ಷ ಅಂದರೆ ಬಿಡಿಭಾಗಕ್ಕೆ ಮಾತ್ರ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಅದೂ ಹಾಕಿಸಿದ 60 ಅಥವಾ 90 ದಿನದೊಳಗೆ ನೋಂದಾಯಿಸಿದರೆ. ಮರೆತರೆ ಎಷ್ಟೋ ಕಂಪನಿಗಳಲ್ಲಿ ಅದು ಐದಕ್ಕೆ ಇಳಿಯುತ್ತೆ.

ಇಷ್ಟೆಲ್ಲ ನೋಡಿದ್ದರೂ ಕೊಟೇಶನ್ ಬಂದಾಗ ನನ್ನ ಮನಸ್ಸು ಟೂ ಸ್ಟೇಜ್ ಕಡೆಗೇ ಇತ್ತು. ತಡೆದದ್ದು ಒಂದು ಲೆಕ್ಕ. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಥರ್ಮೋಸ್ಟಾಟ್ ಫರ್ನೇಸ್ ದಿನಕ್ಕೆ ಎಷ್ಟು ಹೊತ್ತು ಓಡಿತು ಅಂತ ಬರೆದಿಡುತ್ತೆ. 2022ರ ಡಿಸೆಂಬರ್ 23, ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ, ಸೊನ್ನೆಗಿಂತ ಕೆಳಗಿನ ಚಳಿ. ಅವತ್ತು 24 ಗಂಟೆಯಲ್ಲಿ ಹಳೇ ಫರ್ನೇಸ್ ಓಡಿದ್ದು 13 ಗಂಟೆ. ಅದರ ಮೇಲಿನ ಫಲಕದಲ್ಲಿ ಬರೆದಿದ್ದು: ಗ್ಯಾಸಾಗಿ ಒಳಗೆ ಹೋಗುವುದು ಗಂಟೆಗೆ 1,00,000 ಬಿಟಿಯು (ಬಿಸಿಯ ಅಳತೆ), ಮನೆಗೆ ಬರುವುದು 80,000. ಹದಿಮೂರನ್ನು ಇಪ್ಪತ್ತನಾಲ್ಕರಿಂದ ಭಾಗಿಸಿ, 80,000ದಿಂದ ಗುಣಿಸಿದೆ. ಸುಮಾರು 43,000. ಅಂದರೆ ಅಂಥ ಭೀಕರ ದಿನದಲ್ಲೂ ನಮ್ಮ ಮನೆಗೆ ಗಂಟೆಗೆ ಬೇಕಾಗಿದ್ದದ್ದು ಅಷ್ಟೇ! ಇಪ್ಪತ್ತೈದು ವರ್ಷ ಆ ಮನೆ ಅರ್ಧದಷ್ಟು ಬೇಡದ ಬೆಂಕಿ ಹೊತ್ತುಕೊಂಡಿತ್ತು.

ಈಗ ಕೊಟೇಶನ್‌ಗಳನ್ನು ಮತ್ತೆ ನೋಡಿ. ಎರಡನೆಯದು 60,000 ಬಿಟಿಯು, 96 ಪರ್ಸೆಂಟ್. ಮನೆಗೆ ಬರುವುದು 57,600. ಬೇಕಾದದ್ದಕ್ಕಿಂತ ಮೂರನೇ ಒಂದು ಭಾಗ ಜಾಸ್ತಿಯೇ ಇದೆ. ಮೂರನೆಯದು 80,000ದ ಟೂ ಸ್ಟೇಜ್. ಕೆಳಗಿನ ಮಟ್ಟ ಪೂರ್ತಿಯ 70 ಪರ್ಸೆಂಟ್ ಅಂದಿದ್ದರು, ಅಂದರೆ 56,000 ಒಳಗೆ, ಸುಮಾರು 53,800 ಮನೆಗೆ. ಅರ್ಥವಾಯಿತಲ್ಲ? ಆ ದೊಡ್ಡ ಫರ್ನೇಸ್‌ನ ಸಣ್ಣ ಉರಿ, ಈ ಸಣ್ಣ ಫರ್ನೇಸ್‌ನ ಪೂರ್ತಿ ಉರಿ, ಹೆಚ್ಚುಕಡಿಮೆ ಒಂದೇ. ನಮ್ಮ ಮನೆಯಲ್ಲಿ ಅದರ ಎರಡನೇ ಮಟ್ಟ ಹತ್ತುವ ದಿನವೇ ಬರುತ್ತಿರಲಿಲ್ಲ. ಅದಕ್ಕೆ ನಾನು 4,600 ಡಾಲರ್ ಯಾಕೆ ಕೊಡಲಿ?

ಎಸಿಗೂ ಇದೇ ರೀತಿ. ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು. ಹಳೇ ಮೂರೂವರೆ ಟನ್ನಿನದು 93 ಡಿಗ್ರಿಯ ಮಧ್ಯಾಹ್ನ ಗಂಟೆಗೆ 32 ನಿಮಿಷ ಓಡುತ್ತಿತ್ತು. ಎರಡೂವರೆ ಧಾರಾಳ ಸಾಕು. ಒಬ್ಬ ಕಾಂಟ್ರ್ಯಾಕ್ಟರ್ ಹಳೆಯದರ ಫಲಕ ನೋಡಿ ಅದನ್ನೇ ಬರೆದುಕೊಂಡು ಹೋಗಿದ್ದರು. ಎರಡನೇ ಕೊಟೇಶನ್ ಕೊಟ್ಟವರು ಮಾತ್ರ ಕಿಟಕಿ ಅಳೆದರು, ಅಟ್ಟ ಹತ್ತಿ ಇನ್ಸುಲೇಶನ್ ನೋಡಿದರು, ಮನೆಗೆ ಎಷ್ಟು ಬಿಸಿ, ಎಷ್ಟು ತಂಪು ಬೇಕು ಅಂತ ತಿಳಿಸುವ ಮ್ಯಾನುಯಲ್ ಜೆ ಲೆಕ್ಕ ಹಾಕಿ ಹಾಳೆ ಕೈಗೆ ಕೊಟ್ಟರು. ಅವರ ಸಂಖ್ಯೆ, ನನ್ನ ಸಂಖ್ಯೆ ಹತ್ತಿರ ಹತ್ತಿರ ಬಂದಾಗ ಸಮಾಧಾನವಾಯಿತು.

ಅವರು ಇನ್ನೊಂದು ಕೆಲಸ ಮಾಡಿದರು. ಡಕ್ಟ್‌ನಲ್ಲಿ ಗಾಳಿಯ ಒತ್ತಡ ಅಳೆದರು. ಸಾಮಾನ್ಯವಾಗಿ ಫರ್ನೇಸ್ ಫಲಕದಲ್ಲಿ ಅದರ ಮಿತಿ 0.5 ಅಂತ ಇರುತ್ತೆ, ನಮ್ಮದು 0.9 ತೋರಿಸಿತು. ಗಾಳಿ ವಾಪಸ್ ಬರುವ ದಾರಿ ಇಕ್ಕಟ್ಟಾಗಿತ್ತು. ಅದನ್ನು ಅಗಲ ಮಾಡಿ, ಒಂದಿಂಚಿನ ಫಿಲ್ಟರ್ ತೆಗೆದು ನಾಲ್ಕಿಂಚಿನದು ಕೂರಿಸಿದರು. 10,300ರಲ್ಲಿ ಇದೂ ಸೇರಿತ್ತು. ನನ್ನ ಪ್ರಕಾರ ಆ ಬಿಲ್‌ನಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ. ಈಗ ಮೇಲಿನ ಮೂಲೆಯ ಕೋಣೆಗೂ ಕೆಳಗಿನ ಹಾಲ್‌ಗೂ ಎರಡು ಡಿಗ್ರಿ ವ್ಯತ್ಯಾಸ ಅಷ್ಟೇ. ಚಳಿಯ ರಾತ್ರಿ ಫರ್ನೇಸ್ ಗಂಟೆಗೆ 40 ನಿಮಿಷದವರೆಗೂ ಓಡುತ್ತೆ, ಹದವಾಗಿ. ಬೇಸಿಗೆಯಲ್ಲಿ ಮನೆಯ ತೇವ 50 ಪರ್ಸೆಂಟ್ ಆಸುಪಾಸು ನಿಲ್ಲುತ್ತೆ. ಸದ್ದು ತಮ್ಮನ ಮನೆಯಷ್ಟು ಕಡಿಮೆ ಇಲ್ಲ, ಒಪ್ಪುತ್ತೇನೆ. ಆದರೆ ಅಮ್ಮ ಹೋದ ವರ್ಷ ಬಂದಿದ್ದಾಗ ಶಾಲು ಹೊದ್ದು ಕೂತದ್ದು ನೋಡಲಿಲ್ಲ.

ದುಡ್ಡಿನ ಮಾತು ನೇರವಾಗಿ ಹೇಳುತ್ತೇನೆ. ಹಳೆಯದರಲ್ಲಿ ವರ್ಷಕ್ಕೆ ಬಿಸಿಗೆ ಅಂತ 800 ಥರ್ಮ್ (ಗ್ಯಾಸ್ ಬಿಲ್‌ನಲ್ಲಿ ಬರುವ ಅಳತೆ) ಗ್ಯಾಸ್ ಆಗುತ್ತಿತ್ತು ಅನ್ನಿ. 96ರಲ್ಲಿ ಅದೇ ಬಿಸಿಗೆ 667 ಸಾಕು. ಥರ್ಮ್‌ಗೆ ಒಂದು ಡಾಲರ್ ಹಿಡಿದರೆ ವರ್ಷಕ್ಕೆ 133 ಡಾಲರ್ ಉಳಿತಾಯ. ಮೊದಲನೆಯದಕ್ಕೂ ಎರಡನೆಯದಕ್ಕೂ ಇದ್ದ 1,900 ವಾಪಸ್ ಬರೋಕೆ 14 ವರ್ಷ ಬೇಕು. ಬರೀ ಗ್ಯಾಸ್ ಉಳಿಸೋಕೆ 96 ತಗೊಳ್ಳಿ ಅಂತ ನಾನು ಹೇಳಲ್ಲ. ಚಳಿ ಕಡಿಮೆ ಇರುವ ದಕ್ಷಿಣದ ರಾಜ್ಯಗಳಲ್ಲಿ, ಒಳ್ಳೆ ಚಿಮಣಿ ಇರುವ ಮನೆಯಲ್ಲಿ, ಸರಿಯಾದ ಅಳತೆಯ 80 ಪರ್ಸೆಂಟ್ ಹಾಕಿಸಿದರೆ ಏನೂ ತಪ್ಪಿಲ್ಲ.

ಚಿಮಣಿ ಅಂದೆನಲ್ಲ, ಒಂದು ಎಚ್ಚರ. ಹಳೇ ಫರ್ನೇಸ್ ಮತ್ತು ಗ್ಯಾಸ್ ಗೀಸರ್ ಎರಡೂ ಒಂದೇ ಚಿಮಣಿ ಬಳಸುತ್ತಿದ್ದರೆ, 96 ಹಾಕಿಸಿದ ಮೇಲೆ ಗೀಸರ್ ಒಂಟಿಯಾಗುತ್ತೆ. ಅದರ ಸಣ್ಣ ಹೊಗೆಗೆ ಅಷ್ಟು ದೊಡ್ಡ ಚಿಮಣಿ ಬಿಸಿಯಾಗಲ್ಲ. ಒಳಗೆ ನೀರು ಕಟ್ಟುತ್ತೆ, ಹೊಗೆ ಬೇಸ್‌ಮೆಂಟ್‌ಗೆ ವಾಪಸ್ ಬರಲೂಬಹುದು. ಚಿಮಣಿಗೆ ಒಳಕೊಳವೆ ಹಾಕಿಸಬೇಕು. ನಮಗೆ ಅದಕ್ಕೆ ಬೇರೆಯಾಗಿ 650 ಡಾಲರ್ ಆಯಿತು. ಮೂರನೇ ಕೊಟೇಶನ್‌ನಲ್ಲಿ ಅದರ ಸೊಲ್ಲೇ ಇರಲಿಲ್ಲ.

ಈಗ ಕೊಳ್ಳುವವರಿಗೆ ಒಂದೆರಡು ವಿಷಯ ಬದಲಾಗಿವೆ. ನಮ್ಮ ಎಸಿಯಲ್ಲಿರುವುದು ಆರ್-410ಎ. 2025ರ ಜನವರಿಯಿಂದ ಆ ಗ್ಯಾಸಿನ ಹೊಸ ಮನೆ ಎಸಿಗಳ ತಯಾರಿಕೆ ನಿಂತಿದೆ. ಈಗ ಬರುವುದು ಆರ್-454ಬಿ ಅಥವಾ ಆರ್-32. ಎರಡಕ್ಕೂ ಸ್ವಲ್ಪ ಬೆಂಕಿ ಹತ್ತುವ ಗುಣ ಇರುವುದರಿಂದ ಸೋರಿಕೆ ಪತ್ತೆ ಮಾಡುವ ಸೆನ್ಸರ್ ಸಾಮಾನ್ಯವಾಗಿ ಜೊತೆಗೇ ಬರುತ್ತೆ. ಹಳೇ ಕಾಯಿಲ್ ಉಳಿಸಿಕೊಂಡು ಹೊರಗಿನ ಪೆಟ್ಟಿಗೆ ಮಾತ್ರ ಬದಲಾಯಿಸೋಣ ಅನ್ನುವ ಆಸೆ ಬಿಡಿ. ನಮ್ಮ ಉತ್ತರದ ರಾಜ್ಯಗಳಲ್ಲಿ ಹೊಸ ಎಸಿಗೆ ಕನಿಷ್ಠ 13.4 ಸೀರ್2 (ಎಸಿ ಕರೆಂಟನ್ನು ಎಷ್ಟು ಚೆನ್ನಾಗಿ ಬಳಸುತ್ತೆ ಅನ್ನುವ ಅಂಕ) ಇರಬೇಕು, 2023ರಿಂದ. ಬಜೆಟ್‌ಗೆ ಅದು ಸಾಕು, ನಮ್ಮ ಬೇಸಿಗೆ ಚಿಕ್ಕದು. ಇನ್ನು ಅಮೆರಿಕದ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ: 2025ರ ಡಿಸೆಂಬರ್ 31ರ ನಂತರ ಹಾಕಿಸಿದ್ದಕ್ಕೆ ಅದು ಸಿಗಲ್ಲ. ಯಾರಾದರೂ ಅದನ್ನು ಕಳೆದು ಬೆಲೆ ತೋರಿಸಿದರೆ ಆ ಸಾಲು ಅಳಿಸಿ ಹೋಲಿಸಿ. ಗ್ಯಾಸ್ ಕಂಪನಿಯ ರಿಬೇಟ್ ಇದೆಯಾ ಅಂತ ನೀವೇ ಫೋನ್ ಮಾಡಿ ಕೇಳಿ.

ನನಗೆ ಒಂದೇ ಕೊರಗು ಉಳಿದಿದೆ. ಹೊರಗಿನ ಪೆಟ್ಟಿಗೆ ಹಳೇ ಜಾಗದಲ್ಲೇ, ನಮ್ಮ ಬೆಡ್‌ರೂಮ್ ಕಿಟಕಿಯ ಕೆಳಗೆ ಇದೆ. ಹಾಕುವ ದಿನ ಕೆಲಸದವರು ಕೇಳಿದ್ದರು, ಇನ್ನು 250 ಡಾಲರ್ ಕೊಟ್ಟರೆ ಗ್ಯಾರೇಜ್ ಗೋಡೆಯ ಕಡೆಗೆ ಸರಿಸುತ್ತೇವೆ ಅಂತ. ಬೇಡ ಅಂದೆ. ಸಿಂಗಲ್ ಸ್ಟೇಜ್ ಎಸಿಗೆ ಮೆಲ್ಲಗೆ ಓಡೋದು ಗೊತ್ತಿಲ್ಲ, ಓಡಿದರೆ ಪೂರ್ತಿ ಓಟ. ಜುಲೈ ರಾತ್ರಿಗಳಲ್ಲಿ ಅದು ಶುರುವಾದಾಗಲೆಲ್ಲ ನನಗೆ ಎಚ್ಚರವಾಗುತ್ತೆ. ನೀವು ಎರಡನೆಯದನ್ನೇ ಆರಿಸುವುದಾದರೆ ಆ 250 ಡಾಲರನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.