ಪಾಪ್‌ಅಪ್ ಕ್ಯಾಂಪರ್‌ನ ಚಾವಣಿ ಜಾರದಂತೆ ಹಿಡಿಯಲು ನಾನು ಮಾಡಿ ನೋಡಿದ ದಾರಿಗಳು

ಲಡಿಂಗ್ಟನ್ ಸ್ಟೇಟ್ ಪಾರ್ಕ್‌ನಲ್ಲಿ, ಮಿಷಿಗನ್ ಸರೋವರದ ಪಕ್ಕ, ಒಂದು ಬೆಳಿಗ್ಗೆ ಎದ್ದರೆ ನಮ್ಮ ಕ್ಯಾಂಪರ್‌ನ ಬಾಗಿಲು ತೆಗೆಯಲು ಬರಲಿಲ್ಲ. ಮಗಳು ಎಷ್ಟು ತಳ್ಳಿದರೂ ಜಗ್ಗಲಿಲ್ಲ. ತಲೆಯೆತ್ತಿ ನೋಡಿದರೆ ಬಟ್ಟೆಯ ಗೋಡೆಗಳೆಲ್ಲ ಸುಕ್ಕಾಗಿ ಜೋತುಬಿದ್ದಿದ್ದವು. ಹಿಂದಿನ ಸಂಜೆ ಬಿಗಿಯಾಗಿ ಏರಿಸಿದ್ದ ಚಾವಣಿ ಸುಮಾರು 4 ಇಂಚು ಇಳಿದು ಬಾಗಿಲ ಮೇಲೆ ಕೂತಿತ್ತು. ಅದರ ಅಡಿಯಲ್ಲಿ ಇಬ್ಬರು ಮಕ್ಕಳು ರಾತ್ರಿಯಿಡೀ ಮಲಗಿದ್ದರು. ಆ ಹೆದರಿಕೆ ನನಗಿನ್ನೂ ಹೋಗಿಲ್ಲ.

ನಮ್ಮದು 1990ರ ದಶಕದ ಗಾಡಿ, ಎರಡನೇ ಕೈಯದು. ಕಾರಿನ ಹಿಂದೆ ಎಳೆದುಕೊಂಡು ಹೋಗಿ, ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುವ ಬಗೆ. ಗೋಶನ್ ಲಿಫ್ಟ್ ಎನ್ನುವ ವ್ಯವಸ್ಥೆಯಲ್ಲಿ ನಾಲ್ಕು ಮೂಲೆಯ ಕೇಬಲ್‌ಗಳು ಗಾಡಿಯ ಅಡಿಯಲ್ಲಿ ಒಂದೆಡೆ ಸೇರುತ್ತವೆ, ಅವನ್ನು ಒಂದೇ ಕೇಬಲ್ ಎಳೆಯುತ್ತದೆ. ಕೋಲ್ಮನ್ ಕಂಪನಿಯ ಗಾಡಿಗಳಲ್ಲಿ ಕೊಳವೆಯೊಳಗಿನ ಉದ್ದ ಸ್ಪ್ರಿಂಗ್‌ಗಳು ಚಾವಣಿ ಹೊತ್ತ ಮೂಲೆಯ ಕಂಬಗಳನ್ನು ತಳ್ಳುತ್ತವೆ. ಯಾವುದಾದರೂ ಇರಲಿ, ಎತ್ತಿದ ಚಾವಣಿಯನ್ನು ಹಿಡಿದಿಡುವುದು ವಿಂಚ್, ಅಂದರೆ ಹಿಡಿಕೆ ತಿರುಗಿಸಿದರೆ ಕೇಬಲ್ ಸುತ್ತಿಕೊಳ್ಳುವ ಯಂತ್ರ. ನಮ್ಮದರಲ್ಲಿ ಆ ಕೆಲಸ ಅದರೊಳಗಿನ ಬ್ರೇಕ್ ಒಂದರದ್ದೇ. ನಮ್ಮೂರಿನ ಬಾವಿಯ ರಾಟೆಯಲ್ಲಿ ಕೊಡ ಮೇಲೆ ಬಂದಾಗ ಹಗ್ಗವನ್ನು ಕೈಯಲ್ಲಿ ಬಿಗಿ ಹಿಡಿಯುತ್ತಿದ್ದೆವಲ್ಲ, ಆ ಕೈಯ ಕೆಲಸ ಇಲ್ಲಿ ಬ್ರೇಕ್‌ನದು.

ರಿಪೇರಿಗೆ ಕೈ ಹಾಕುವ ಮೊದಲು ತಪ್ಪು ಎಲ್ಲಿದೆ ಎಂದು ತಿಳಿಯಬೇಕು. ನಾನು ಮಾಡಿದ್ದು ಇಷ್ಟೇ. ಚಾವಣಿ ಏರಿಸಿ, ನಾಲ್ಕೂ ಮೂಲೆಗೆ ಮರದ ಆಸರೆ ಕೊಟ್ಟೆ. ಆಸರೆಯ ತಲೆಗೂ ಚಾವಣಿಗೂ ನಡುವೆ 2 ಇಂಚು ಜಾಗ ಬಿಟ್ಟೆ. ವಿಂಚ್‌ನ ದೊಡ್ಡ ಹಲ್ಲುಚಕ್ರದ ಮೇಲೂ ಅದರ ಪಕ್ಕದ ತಗಡಿನ ಮೇಲೂ ಸೇರಿಸಿ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದೆ. ಬೆಳಿಗ್ಗೆ ಗೆರೆ ಬೇರೆಯಾಗಿದ್ದರೆ ಬ್ರೇಕ್ ಜಾರುತ್ತಿದೆ. ಗೆರೆ ಸರಿಯಾಗಿದ್ದೂ ಚಾವಣಿ ಇಳಿದಿದ್ದರೆ ಕೇಬಲ್ ಹಿಗ್ಗಿದೆ, ಇಲ್ಲವೇ ಅದರ ಕಟ್ಟು ಸಡಿಲವಾಗಿದೆ. ಒಂದೇ ಮೂಲೆ ಇಳಿದಿದ್ದರೆ ಆ ಮೂಲೆಯ ಕೇಬಲ್ಲೋ ಸ್ಪ್ರಿಂಗೋ ನೋಡಬೇಕು. ನಮ್ಮ ಗೆರೆ ಬೆಳಗಾಗುವಷ್ಟರಲ್ಲಿ ಒಂದು ಹಲ್ಲಿನಷ್ಟು ಸರಿದಿತ್ತು.

ಮೊದಲು ಹಳೆಯ ವಿಂಚನ್ನೇ ಸರಿ ಮಾಡಿ ನೋಡಿದೆ. ಚಾವಣಿಯನ್ನು ಪೂರ್ತಿ ಇಳಿಸಿ, ಚಿಲಕ ಹಾಕಿ, ಕೇಬಲ್ ಸಡಿಲವಾದ ಮೇಲಷ್ಟೇ ವಿಂಚ್ ಬಿಚ್ಚಿದೆ. ಇದನ್ನು ಯಾರೂ ಮರೆಯಬಾರದು. ಒಳಗೆ ಎರಡು ಘರ್ಷಣೆ ಬಿಲ್ಲೆಗಳ ನಡುವೆ ಒಂದು ಹಲ್ಲುಚಕ್ರ ಇರುತ್ತದೆ. ಮೇಲೆತ್ತುವಾಗ ಹಿಡಿಕೆ ಸ್ಕ್ರೂ ಥರ ಒಳಸರಿದು ಬಿಲ್ಲೆಗಳನ್ನು ಅದುಮುತ್ತದೆ. ಕಟ ಕಟ ಸದ್ದು ಮಾಡುವುದು ಹಲ್ಲಿಗೆ ಸಿಕ್ಕಿಕೊಳ್ಳುವ ಕಬ್ಬಿಣದ ನಾಲಗೆ. ಕೈ ಬಿಟ್ಟರೆ ಚಾವಣಿಯ ಭಾರವೇ ಬಿಲ್ಲೆಗಳನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬಹಳ ಚೆಂದದ ಯೋಚನೆ ಇದು. ಹೊರೆ ಇದ್ದಷ್ಟೂ ಹಿಡಿತ ಜಾಸ್ತಿ.

ಆದರೆ ಆ ಬಿಲ್ಲೆಗಳಿಗೆ ಎಣ್ಣೆ ತಾಗಿದರೆ ಕತೆ ಮುಗಿಯಿತು. ಹಿಂದಿನ ಮಾಲೀಕರು ಸದ್ದು ಕಡಿಮೆಯಾಗಲಿ ಎಂದು ಎಣ್ಣೆ ಬಿಟ್ಟಿದ್ದರು ಅಂತ ಕಾಣುತ್ತದೆ. ಬಿಲ್ಲೆಗಳು ಕಪ್ಪಾಗಿ, ಗಾಜಿನಂತೆ ನುಣುಪಾಗಿದ್ದವು. ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು, ಸಪಾಟಾದ ಕಲ್ಲಿನ ಮೇಲೆ ಉಪ್ಪುಕಾಗದ ಹಾಸಿ ಮೆಲ್ಲಗೆ ತಿಕ್ಕಿದೆ. ನಾಲಗೆಯ ಸ್ಪ್ರಿಂಗ್ ಹೊಸದು ಹಾಕಿದೆ. ಖರ್ಚು 15 ಡಾಲರ್ ಒಳಗೆ, ಅರ್ಧ ದಿನದ ಕೆಲಸ. ಎರಡು ಪ್ರವಾಸ ಗೆರೆ ಕದಲಲಿಲ್ಲ. ಮೂರನೆಯದರಲ್ಲಿ, ಎರಡು ದಿನ ಮಳೆ ಹಿಡಿದ ಮೇಲೆ, ಒಂದು ಇಂಚು ಇಳಿಯಿತು. ಬಿಲ್ಲೆಗಳು ಅಷ್ಟು ಸವೆದಿದ್ದವು. ಬಿಲ್ಲೆ ದಪ್ಪವಾಗಿದ್ದರೆ ಈ ರಿಪೇರಿ ಖಂಡಿತ ಸಾಕು, ಮೊದಲು ಇದನ್ನೇ ಮಾಡಿ ಅನ್ನುತ್ತೇನೆ. ತೆಳುವಾಗಿದ್ದರೆ ಸುಮ್ನೆ ಸಮಯ ಹಾಳು.

ಆಮೇಲೆ ಹೊಸ ಬ್ರೇಕ್ ವಿಂಚ್ ತಂದೆ, 85 ಡಾಲರ್ ಆಯಿತು. ಬೋಲ್ಟಿನ ತೂತುಗಳು ಹಳೆಯದಕ್ಕೆ ಹೊಂದಲಿಲ್ಲ, ಒಂದು ಹೊಸದಾಗಿ ಕೊರೆಯಬೇಕಾಯಿತು. ಹಿಡಿಕೆ ಗ್ಯಾಸ್ ಸಿಲಿಂಡರಿಗೆ ತಾಗುತ್ತಿತ್ತು, ಸಿಲಿಂಡರನ್ನು ಎರಡು ಇಂಚು ಸರಿಸಿದೆ. ಇಲ್ಲಿ ಎರಡು ವಿಷಯ ಗಮನದಲ್ಲಿರಲಿ. ಕೇಬಲ್ಲನ್ನು ಡ್ರಮ್‌ಗೆ ಉಲ್ಟಾ ಸುತ್ತಿದರೆ ಬ್ರೇಕ್ ಕೆಲಸವನ್ನೇ ಮಾಡುವುದಿಲ್ಲ. ಎತ್ತುವಾಗ ಕಟ ಕಟ ಸದ್ದು ಬರಬೇಕು, ಇಳಿಸುವಾಗ ಬರಬಾರದು. ಹಾಗಿದ್ದರೆ ಸರಿಯಾಗಿ ಸುತ್ತಿದ್ದೀರಿ. ಇನ್ನೊಂದು, ಬ್ರೇಕ್ ಇಲ್ಲದೆ ನಾಲಗೆ ಮಾತ್ರ ಇರುವ ಸಾಮಾನ್ಯ ರ‍್ಯಾಚೆಟ್ ವಿಂಚ್ ಅಗ್ಗ ಎಂದು ಅದನ್ನು ಮಾತ್ರ ತರಬೇಡಿ. ಅದರಲ್ಲಿ ಇಳಿಸಬೇಕಾದರೆ ನಾಲಗೆ ಎತ್ತಬೇಕು, ಆಗ ಇಡೀ ಚಾವಣಿಯ ಭಾರ ನಿಮ್ಮ ಕೈ ಮೇಲೆ ಬೀಳುತ್ತದೆ. ಹಿಡಿಕೆ ಕೈ ತಪ್ಪಿ ಗಿರ್ರನೆ ತಿರುಗಿದರೆ ಮಣಿಕಟ್ಟು ಮುರಿದೀತು.

ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರ ಗಾಡಿಗೆ ವರ್ಮ್ ಗೇರ್ ವಿಂಚ್ ಹಾಕಿಕೊಟ್ಟೆವು. ಒಂದು ವಾರ ಅದನ್ನು ನಾನೇ ಬಳಸಿ ನೋಡಿದೆ. ಸ್ಕ್ರೂವಿನಂಥ ಗೇರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಗೇರನ್ನು ತಿರುಗಿಸಲಾರದು. ಹಾಗಾಗಿ ತೊಳೆಯುವ, ಸವೆಯುವ ಬಿಲ್ಲೆಗಳೇ ಇಲ್ಲ. ಮಾರ್ಕರ್ ಗೆರೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಬ್ರೇಕ್ ವಿಂಚ್‌ಗೆ ಗ್ರೀಸ್ ತಾಗಬಾರದ ಜಾಗ ಇದ್ದರೆ, ಇದರ ಗೇರಿಗೆ ಗ್ರೀಸ್ ಬೇಕೇ ಬೇಕು.

ನಿಧಾನ ಅನ್ನುವುದು ಇದರ ಮೊದಲ ತೊಂದರೆ. ನನ್ನದರ ಎರಡು ಪಟ್ಟಿಗಿಂತ ಜಾಸ್ತಿ ಸುತ್ತು ತಿರುಗಿಸಬೇಕಾಯಿತು. ಅದಕ್ಕಿಂತ ನನ್ನನ್ನು ಕಾಡಿದ್ದು ಇಳಿಸುವ ಹೊತ್ತು. ಒಂದು ಮೂಲೆಯ ಕಂಬ ಸಿಕ್ಕಿಕೊಂಡು ಚಾವಣಿ ನಿಂತುಬಿಟ್ಟಿತು, ಹಿಡಿಕೆ ಮಾತ್ರ ಹಗುರವಾಗಿ ತಿರುಗುತ್ತಲೇ ಇತ್ತು. ಕೇಬಲ್ ಸಡಿಲವಾಗುತ್ತಿರುವುದು ಕೈಗೆ ಗೊತ್ತೇ ಆಗಲಿಲ್ಲ. ಆಮೇಲೆ ಆ ಮೂಲೆ ಒಮ್ಮೆಲೇ ದಡಕ್ಕೆಂದು ಕುಸಿಯಿತು. ಇದನ್ನು ಬಳಸುವವರು ಇಳಿಸುವಾಗ ಕಣ್ಣನ್ನು ಚಾವಣಿಯ ಮೇಲೇ ಇಡಬೇಕು.

ಇಷ್ಟೆಲ್ಲ ಆದರೂ ನನಗೆ ನಿದ್ದೆ ಬಂದದ್ದು ವಿಂಚಿನಿಂದಲ್ಲ. ವಿಂಚ್ ಎಷ್ಟೇ ಒಳ್ಳೆಯದಿರಲಿ, ಅದು ಹಿಡಿದಿರುವುದು ಕೇಬಲ್ಲನ್ನು. ಕೇಬಲ್ ತುಂಡಾದರೆ? ಮಕ್ಕಳ ತಲೆ ಮೇಲಿನ ಚಾವಣಿಗೆ ಬೀಗ ಇರಬೇಕಾದದ್ದು ಕಂಬದ ಹತ್ತಿರ. ಕಂಬಕ್ಕೆ ಸಿ-ಕ್ಲ್ಯಾಂಪ್ ಬಿಗಿದು ನೋಡಿದೆ. ಜಾರಿತು, ಕಂಬದ ಮೇಲೆ ಗೀರೂ ಬಿತ್ತು. ಆ ಗೀರು ಅರದಿಂದ ಉಜ್ಜುವ ತನಕ ಕಂಬ ಒಂದರೊಳಗೊಂದು ಸರಿಯಲಿಲ್ಲ. ಟೂ-ಬೈ-ಫೋರ್ ಎನ್ನುವ ಮರದ ಪಟ್ಟಿಯ ತುಂಡುಗಳು ಭಾರ ಹೊರುತ್ತವೆ, ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕ್ಯಾಂಪಿನಲ್ಲಿ ಗಾಳಿಗೆ ಗಾಡಿ ಅಲುಗಿದರೆ ಅವು ಬಿದ್ದುಹೋಗುತ್ತವೆ.

ಗೆದ್ದದ್ದು ಪಿವಿಸಿ ಪೈಪು. ಒಂದೂವರೆ ಇಂಚಿನ, ಶೆಡ್ಯೂಲ್ 40 ಎನ್ನುವ ಅಳತೆಯ ದಪ್ಪ ಗೋಡೆಯ ಪೈಪು ತಂದು ಉದ್ದಕ್ಕೆ ಸೀಳಬೇಕು. ಸೀಳು ಕಂಬಕ್ಕಿಂತ ಸ್ವಲ್ಪ ಕಿರಿದಾಗಿರಲಿ, ಆಗ ಟಪ್ಪೆಂದು ಕಂಬವನ್ನು ಅಪ್ಪಿಕೊಂಡು ನಿಲ್ಲುತ್ತದೆ. ಏರಿಸಿದ ಕಂಬದ ಹೊರಗೆ ಕಾಣುವ ಉದ್ದವನ್ನು ನಾಲ್ಕೂ ಕಡೆ ಅಳೆಯಿರಿ. ನಮ್ಮದು ಸುಮಾರು 41 ಇಂಚು, ಹಾಗಾಗಿ 10 ಅಡಿಯ ಪೈಪು ಎರಡು ಬೇಕಾದವು. ಅಳತೆಗಿಂತ ಕಾಲಿಂಚು ಕಡಿಮೆ ಕತ್ತರಿಸಿ. ಉದ್ದವಾದರೆ ಅದನ್ನು ತೂರಿಸಲು ಚಾವಣಿಯನ್ನು ಅಳತೆ ಮೀರಿ ಏರಿಸಬೇಕಾಗುತ್ತದೆ, ಅದರಿಂದ ಕೇಬಲ್ ಕೆಡುತ್ತದೆ. ಪೈಪು ಹಾಕಿದ ಮೇಲೆ ಹಿಡಿಕೆಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಚಾವಣಿ ಪೈಪಿನ ಮೇಲೆ ಕೂರುವಂತೆ ಮಾಡುತ್ತೇನೆ, ಆದರೆ ಕೇಬಲ್ ಪೂರ್ತಿ ಸಡಿಲ ಬಿಡುವುದಿಲ್ಲ. ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಪೈಪು ಇರುವಾಗ ಯಾರಾದರೂ ಮರೆತು ಇಳಿಸಲು ಹೋಗಬಾರದಲ್ವಾ?

ಬಿಸಿಲು, ಚಳಿ ಎರಡೂ ಪಿವಿಸಿಗೆ ಆಗಿಬರುವುದಿಲ್ಲ, ಪೆಡಸಾಗಿ ಒಡೆಯುತ್ತದೆ. ಪ್ರತಿ ವಸಂತದಲ್ಲಿ ಸೀಳಿನ ತುದಿಗಳಲ್ಲಿ ಬಿರುಕು ಇದೆಯಾ ಎಂದು ಬೆರಳಾಡಿಸಿ ನೋಡುತ್ತೇನೆ.

ಈಗ ನಮ್ಮ ಗಾಡಿಯಲ್ಲಿ ಹೊಸ ಬ್ರೇಕ್ ವಿಂಚೂ ಇದೆ, ನಾಲ್ಕು ಪೈಪುಗಳೂ ಇವೆ. ಪೈಪುಗಳು ಸೀಟಿನ ಕೆಳಗೆ ಕೂರುತ್ತವೆ. ಒಂದೊಂದರ ಮೇಲೂ ಮಗಳು ಮೂಲೆಯ ಹೆಸರು ಬರೆದಿದ್ದಾಳೆ, ಹಿಂದಿನ ಬಲಮೂಲೆಯದು ಮಿಕ್ಕವಕ್ಕಿಂತ ಅರ್ಧ ಇಂಚು ಗಿಡ್ಡ.