ವ್ಯಾಕ್ಯೂಮ್ ಲೀಕ್ ಹುಡುಕಲು ಸ್ಪ್ರೇ, ಗೇಜ್, ಸ್ಕ್ಯಾನರ್, ಹೊಗೆ: ಒಂದು ಹೋಲಿಕೆ

ಬೆಂಗಳೂರಿನಲ್ಲಿ ನಾನು ಓಡಿಸುವ ಹಳೆಯ ಪೆಟ್ರೋಲ್ ಕಾರಿನ ಐಡ್ಲಿಂಗ್ ಏರಿಳಿಯತೊಡಗಿತು. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದು ಸೂಚಿಸುವ ಪಿ0171 ಕೋಡ್ ಕೂಡ ಬಂತು. ಎಲ್ಲೋ ಗಾಳಿ ಕಳ್ಳದಾರಿಯಿಂದ ಒಳನುಗ್ಗುತ್ತಿದೆ ಎಂಬ ಅನುಮಾನದಿಂದ ನಾಲ್ಕು ವಿಧಾನಗಳನ್ನು ಒಂದೇ ಎಂಜಿನ್ನಿನ ಮೇಲೆ ಪ್ರಯೋಗಿಸಿದೆ.

ನಮ್ಮ ಮೆಕ್ಯಾನಿಕ್‌ಗಳು ಮೊದಲು ಕೈಗೆತ್ತಿಕೊಳ್ಳುವುದು ಕಾರ್ಬ್ ಕ್ಲೀನರ್ ಸ್ಪ್ರೇಯನ್ನು. ಎಂಜಿನ್ ಓಡುತ್ತಿರುವಾಗ ಹೋಸ್‌ಗಳ ಮೇಲೆ ಸಿಂಪಡಿಸಿದರೆ ಬಿರುಕಿನಿಂದ ಅದು ಒಳಗೆ ಹೋಗಿ ಆರ್‌ಪಿಎಂ ಬದಲಾಗುತ್ತದೆ. ಇದು ಅಗ್ಗವೇನೋ ಹೌದು, ಆದರೆ ರೇಡಿಯೇಟರ್ ಫ್ಯಾನಿನ ಗಾಳಿಗೆ ಸ್ಪ್ರೇ ಚದುರಿ ಎಲ್ಲಿಂದ ಒಳಹೋಯಿತು ಎಂಬುದೇ ತಿಳಿಯುವುದಿಲ್ಲ. ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇರುವುದರಿಂದ ಇದನ್ನು ನಾನು ಕೊನೆಯ ಸ್ಥಾನದಲ್ಲಿ ಇಡುತ್ತೇನೆ.

ಎಂಜಿನ್ ಗಾಳಿಯನ್ನು ಒಳಗೆಳೆಯುವ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಸುರಕ್ಷಿತ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು ಪಾದರಸದಷ್ಟು ತೋರಿಸುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮೂರು ಇಂಚು ಕಡಿಮೆ ಬರುವುದು ಸಹಜ. ಇದನ್ನು ಅರಿಯದೆ ಗೇಜ್ ಓದಿದವರು ಇಲ್ಲದ ಲೀಕ್ ಹುಡುಕುತ್ತ ಕೂರುತ್ತಾರೆ.

ಸ್ಕ್ಯಾನರ್‌ನಲ್ಲಿ ಕಾಣುವ ಫ್ಯೂಯಲ್ ಟ್ರಿಮ್, ಅಂದರೆ ಮಿಶ್ರಣ ಸರಿಪಡಿಸಲು ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ, ಇದಕ್ಕಿಂತ ಸ್ಪಷ್ಟವಾಗಿ ಮಾತಾಡಿತು. ಐಡ್ಲಿಂಗ್‌ನಲ್ಲಿ ಶೇಕಡಾ 20 ದಾಟಿದ್ದ ಟ್ರಿಮ್, 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಎಂಜಿನ್ ಹೆಚ್ಚು ಗಾಳಿ ಎಳೆಯುವಾಗ ಬಿರುಕಿನ ಪಾಲು ಗೌಣವಾಗುವುದೇ ಇದಕ್ಕೆ ಕಾರಣ. ಬದಲಾಗಿ ವೇಗದೊಂದಿಗೆ ಟ್ರಿಮ್ ಏರಿದ್ದರೆ ಫ್ಯೂಯಲ್ ಪಂಪನ್ನೋ ಫಿಲ್ಟರನ್ನೋ ಅನುಮಾನಿಸಬೇಕಿತ್ತು. ಆದರೆ ಈ ಓದು ಹೊಂದುವುದು ಗಾಳಿಯ ಪ್ರಮಾಣವನ್ನು ನೇರವಾಗಿ ಅಳೆಯುವ ಮಾಫ್ ಸೆನ್ಸರ್ ಇರುವ ನನ್ನ ಕಾರಿನಂಥವುಗಳಿಗೆ. ಒತ್ತಡವನ್ನಷ್ಟೇ ಅಳೆಯುವ ಮ್ಯಾಪ್ ಸೆನ್ಸರ್ ಕಾರುಗಳಲ್ಲಿ ಟ್ರಿಮ್ ಹೆಚ್ಚು ಬದಲಾಗದೆ ಐಡ್ಲಿಂಗ್ ಮಾತ್ರ ಏರಬಹುದು.

ಲೀಕ್ ಇದೆ ಎಂದು ಸ್ಕ್ಯಾನರ್ ಹೇಳಿದರೂ ಜಾಗ ತೋರಿಸಿದ್ದು ಹೊಗೆ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರ್ ಕಡೆಯ ಬಾಯಿ ಮುಚ್ಚಿ, ಎಂಜಿನ್ನಿನ ಎಳೆತ ಬಳಸಿ ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನ ಹೋಸ್ ಬಿಚ್ಚಿದ ಜಾಗದಿಂದ ಅತಿ ಕಡಿಮೆ ಒತ್ತಡದಲ್ಲಿ ಹೊಗೆ ತುಂಬಿದಾಗ, ಎಂಜಿನ್ನಿನೊಳಗಿನ ಎಣ್ಣೆಯ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಒಯ್ಯುವ ಪಿಸಿವಿ ಹೋಸಿನ ಬಾಗಿದ ಭಾಗದ ತಳದಿಂದ ನೂಲಿನಂಥ ಎಳೆಯೊಂದು ಮೇಲೆದ್ದಿತು. ಮೇಲಿನಿಂದ ನೋಡಿದರೆ ಆ ರಬ್ಬರ್ ಚೆನ್ನಾಗಿಯೇ ಇತ್ತು. ಬೆರಳಿಂದ ಒತ್ತಿದರೆ ಮಾತ್ರ ಸೀಳು ಬಾಯಿ ತೆರೆಯುತ್ತಿತ್ತು. ಬಾಡಿಗೆಗೆ ಹೊಗೆ ಯಂತ್ರ ಸಿಗುವುದಾದರೆ ಬೇರೆ ಯಾವುದಕ್ಕೂ ಹಣ ಸುರಿಯಬೇಕಿಲ್ಲ.

ರಿಪೇರಿಯ ವಿಷಯದಲ್ಲಿ ಇನ್ಸುಲೇಷನ್ ಟೇಪ್ ಮನೆ ಮುಟ್ಟುವವರೆಗಷ್ಟೇ. ಎಣ್ಣೆ, ಬಿಸಿ ತಗುಲಿ ಅಂಟು ಬಿಟ್ಟುಕೊಳ್ಳುತ್ತದೆ. ತುದಿ ಮಾತ್ರ ಗಡುಸಾಗಿ ಉದ್ದ ಉಳಿದಿದ್ದರೆ ಅದನ್ನು ಕತ್ತರಿಸಿ ಮರುಜೋಡಿಸಬಹುದು. ಜೆ.ಸಿ. ರಸ್ತೆಯಲ್ಲಿ ಸಿಗುವ ಬಣ್ಣದ ಸಿಲಿಕಾನ್ ಹೋಸ್ ಕಣ್ಣಿಗೆ ಚೆಂದವಾದರೂ ಎಣ್ಣೆಯ ಆವಿಗೆ ಉಬ್ಬುವುದರಿಂದ, ಪಿಸಿವಿಗೆ ಎಣ್ಣೆ ತಾಳುವ ರಬ್ಬರಿನ ಅಚ್ಚು ಹೋಸನ್ನೇ ಹಾಕಿಸಿದೆ. ಬ್ರೇಕ್ ಬೂಸ್ಟರ್‌ಗಾದರೆ ಒಳಗೆ ನೂಲಿನ ಹೆಣಿಗೆ ಇರುವ ಗಟ್ಟಿ ಹೋಸೇ ಬೇಕು. ತೆಳುವಾದದ್ದು ಎಳೆತಕ್ಕೆ ಚಪ್ಪಟೆಯಾಗಿ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ.