ರೈಫಲ್ ರಿಪೇರಿಗೆ ಕಳಿಸಿದ್ದು: ಅಂಗಡಿಯವನ ಕೈ, ನನ್ನ ಕಾರು, ಅಂಚೆ ಡಬ್ಬ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಅಂಚೆಗೆ. ಹಳೆಯ ರೈಫಲನ್ನು ದೂರದ ಕೆಲಸಗಾರನ ಹತ್ತಿರ ರಿಪೇರಿಗೆ ಕಳಿಸುವುದಾದರೆ ಇನ್ನು ಮುಂದೆ ನಾನು ಬೇರೆ ದಾರಿ ಹಿಡಿಯುವುದಿಲ್ಲ. ಮೊದಲ ಸಲ ನಮ್ಮ ಊರಿನ ಬಂದೂಕು ಅಂಗಡಿಯವನ ಮೂಲಕ ಕಳಿಸಿ ಬೆಪ್ಪನಾದೆ. ಎರಡನೇ ಸಲ ಕಾರಿನಲ್ಲಿ ನಾನೇ ಹೊತ್ತುಕೊಂಡು ಹೋದೆ, ಮಜಾ ಬಂತು, ಜೇಬು ಖಾಲಿಯಾಯಿತು. ಮೂರನೇ ಸಲ ಅಂಚೆ. ಅದರಲ್ಲೂ ಒಂದು ಎಡವಟ್ಟು ಆಯಿತು. ಆದರೆ ಆ ತಪ್ಪು ಪೂರ್ತಿ ನನ್ನದೇ.

ನಾನಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಹೊರವಲಯದಲ್ಲಿ. ಊರು ಕೊಡಗು. ಗ್ರೀನ್ ಕಾರ್ಡ್ ಬರುವವರೆಗೂ ಕೋವಿಯ ಆಸೆಯನ್ನು ಕಟ್ಟಿಟ್ಟಿದ್ದೆ. ಎಚ್‌1ಬಿ ವೀಸಾದಲ್ಲಿ ಇರುವವರಿಗೆ ಇಲ್ಲಿ ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಹೊಸಬರು ಇದನ್ನು ಮರೆಯಬೇಡಿ. ಊರಲ್ಲಿ ಕೊಡವರಿಗೂ, ತಲೆಮಾರುಗಳಿಂದ ಬಂದ ಜಮ್ಮಾ ಜಮೀನಿನವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಹಾಗಾಗಿ ಮನೆಯಲ್ಲಿ ಕೋವಿ ಇರುವುದು ನಮಗೆ ವಿಶೇಷವೇ ಅಲ್ಲ. ಇಲ್ಲಿ ಮಾತ್ರ ಪ್ರತಿಯೊಂದಕ್ಕೂ ಬೇರೆ ಲೆಕ್ಕ.

ನಾನು ಕೂಡಿಡುವುದು ಇಚ್ಛಾಪುರದ ರೈಫಲ್‌ಗಳನ್ನು ಮಾತ್ರ. ಕೋಲ್ಕತ್ತದ ಹತ್ತಿರದ ಆ ಕಾರ್ಖಾನೆಯ ಮಾಲು ಅಮೆರಿಕದಲ್ಲಿ ಸಾಕಷ್ಟು ಓಡಾಡುತ್ತದೆ. ಒಂದು 1942ರದು, ಮೈಮೇಲೆ ಕಿರೀಟ, ಅದರ ಕೆಳಗೆ ಜಿಆರ್‌ಐ ಎಂಬ ಬ್ರಿಟಿಷ್ ರಾಜನ ಮುದ್ರೆ. ಎನ್‌ಸಿಸಿಯಲ್ಲಿ ಭುಜಕ್ಕೆ ಒದೆಸಿಕೊಂಡವರಿಗೆ, ಬ್ಯಾಂಕಿನ ಬಾಗಿಲಲ್ಲಿ ಪೊಲೀಸಪ್ಪನ ಕೈಯಲ್ಲಿ ನೋಡಿದವರಿಗೆ ಗೊತ್ತಿರುವ ಅದೇ ತ್ರೀ ನಾಟ್ ತ್ರೀ. ಇನ್ನೆರಡು 1960ರ ದಶಕದ 2ಎ1. ದೂರದಿಂದ ನೋಡಿದರೆ ಅಣ್ಣ ತಮ್ಮ, ಆದರೆ 2ಎ1ಗೆ 7.62 ಗುಂಡು. ಮೂರಕ್ಕೂ ಮರದ ಕೆಲಸ ಬೇಕಿತ್ತು. ಈ ಜಾತಿಯ ಹಳೆಯ ಲೀ ಎನ್‌ಫೀಲ್ಡ್ ರೈಫಲ್ ಬಲ್ಲ ಒಬ್ಬ ಕೆಲಸಗಾರ ಟೆನೆಸೀಯಲ್ಲಿ, ನ್ಯಾಶ್‌ವಿಲ್ ಹತ್ತಿರ ಇದ್ದಾನೆ ಎಂದು ಗೊತ್ತಾಯಿತು. ಉಜ್ಜಿ ಹೊಳಪು ಕೊಟ್ಟು ಮುದ್ರೆ ಅಳಿಸುವ ಪೈಕಿಯಲ್ಲ. ಅಂಥವನು ಸಿಗುವುದೇ ಕಷ್ಟ ಅಲ್ವಾ?

ಅಂಗಡಿಯವನ ಕತೆ ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಖಾಸಗಿ ಕೊರಿಯರ್‌ನ ದೊಡ್ಡ ಕಂಪನಿಗಳು ಈಗ ನಮ್ಮಂಥ ಸಾಮಾನ್ಯರ ಕೈಯಿಂದ ಬಂದೂಕು ತೆಗೆದುಕೊಳ್ಳುವುದಿಲ್ಲ. ಎಫ್‌ಎಫ್‌ಎಲ್, ಅಂದರೆ ಫೆಡರಲ್ ಲೈಸೆನ್ಸ್, ಮತ್ತು ಕಂಪನಿಯ ಜೊತೆ ಒಪ್ಪಂದ ಎರಡೂ ಇದ್ದವರಿಗೆ ಮಾತ್ರ. ಅದಕ್ಕೇ ಅಂಗಡಿಯವನ ಹತ್ತಿರ ಹೋದೆ. ಮೊದಲ 2ಎ1ನ ನಳಿಗೆಯ ಕೆಳಗಿನ ಮರ ಬಿರುಕು ಬಿಟ್ಟಿತ್ತು. ಅವನು ಕಳಿಸುವ ಖರ್ಚಿನ ಮೇಲೆ ಐವತ್ತು ಡಾಲರ್ ಕೂಲಿ ತೆಗೆದುಕೊಂಡ. ಎರಡು ವಾರ ಅದು ಅವನ ಹಿಂದಿನ ಕೋಣೆಯಲ್ಲೇ ಒರಗಿತ್ತು. ಆಮೇಲೆ ತೆಳ್ಳನೆ ರಟ್ಟಿನ ಡಬ್ಬದಲ್ಲಿ ಎರಡು ಸುತ್ತು ಗುಳ್ಳೆ ಪ್ಲಾಸ್ಟಿಕ್ ಸುತ್ತಿ ತಳ್ಳಿದ. ಟೆನೆಸೀಯಿಂದ ಫೋಟೋ ಬಂತು. ರೈಫಲ್‌ನ ಮೂತಿ ಡಬ್ಬ ಹರಿದು ಎರಡು ಇಂಚು ಹೊರಗೆ ಬಂದಿದೆ. ಹೊರಗೆ ಬಂದೂಕು ಎಂದು ಗುರುತೇ ಕಾಣಿಸಬಾರದು ಎಂಬುದು ಈ ವ್ಯವಹಾರದ ಮೊದಲ ಪಾಠ. ಇದು ಇಲಿಯ ಹಾಗೆ ಇಣುಕಿ ನೋಡುತ್ತಾ ಮೂರು ರಾಜ್ಯ ದಾಟಿತ್ತು!

ವಾಪಸ್ ಬರುವಾಗಲೂ ಅವನ ಅಂಗಡಿಗೇ ಬಂತು. ರಿಪೇರಿಗೆ ಹೋದ ಕೋವಿಯನ್ನು ಕೆಲಸಗಾರ ನೇರವಾಗಿ ಮಾಲೀಕನ ಮನೆಗೇ ಕಳಿಸಬಹುದು, 1968ರ ಗನ್ ಕಂಟ್ರೋಲ್ ಕಾನೂನಿನಲ್ಲೇ ಅದಕ್ಕೆ ಅವಕಾಶವಿದೆ. ಆಗ ಬಂದೂಕು ಕೊಳ್ಳುವಾಗ ತುಂಬುವ ಫಾರಂ 4473 ಕೂಡ ಬೇಡ. ನನಗೆ ಆಗ ಇದು ಗೊತ್ತಿರಲಿಲ್ಲ. ಅಂಗಡಿಯವನು ಫಾರಂ ತುಂಬಿಸಿದ, ಹಿನ್ನೆಲೆ ತಪಾಸಣೆ ಮಾಡಿಸಿದ, ಅದಕ್ಕೆ ಇನ್ನೊಂದು ಮೂವತ್ತು ಡಾಲರ್ ಹಾಕಿದ. ನನ್ನದೇ ರೈಫಲನ್ನು ನಾನೇ ಎರಡನೇ ಸಲ ಕೊಂಡಂತಾಯಿತು. ಅಷ್ಟರಲ್ಲಿ ಸೆಪ್ಟೆಂಬರ್ 3ರ ಕೈಲ್‌ಪೋದು ಹಬ್ಬ ಕಳೆದೇ ಹೋಗಿತ್ತು. ಊರಲ್ಲಿ ಆ ದಿನ ಕೋವಿಗಳನ್ನೆಲ್ಲ ಸಾಲಾಗಿ ಇಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತೇವೆ. ಇಲ್ಲಿ ತೋಕ್ ಪೂ ಎಲ್ಲಿಂದ ತರುವುದು, ಸೇವಂತಿಗೆಯೇ ಗತಿ. ಆ ವರ್ಷ ಸೇವಂತಿಗೆಯನ್ನು ಖಾಲಿ ಪೆಟ್ಟಿಗೆಯ ಮೇಲೆ ಇಟ್ಟೆವು.

ಈ ಸಿಟ್ಟಿನಲ್ಲಿ ಮುಂದಿನ ಸಲ ಯಾರನ್ನೂ ನಂಬದೆ 1942ರದ್ದನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಹೊರಟೆ. ಲಿಟಲ್ ರಾಕ್‌ವರೆಗೆ ಐ-30 ಹೆದ್ದಾರಿ, ಅಲ್ಲಿಂದ ಮೆಂಫಿಸ್ ಮೇಲೆ ಐ-40. ಹೋಗಲು ಸುಮಾರು 660 ಮೈಲಿ, ಹತ್ತು ಗಂಟೆಗೆ ಕಮ್ಮಿ ಇಲ್ಲ. ಗುಂಡು ತುಂಬಿರಬಾರದು, ಓಡಿಸುವವನ ಕೈಗೆ ಎಟುಕಬಾರದು. ಹಾಗೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಡಿಕ್ಕಿಯಲ್ಲಿ ಒಯ್ದರೆ 1986ರ ಫೆಡರಲ್ ಕಾನೂನಿನ ಆಸರೆ ಇದೆ. ರಾತ್ರಿ ಮೋಟೆಲ್‌ನಲ್ಲಿ ಅದನ್ನು ಕಾರಲ್ಲೇ ಬಿಡಲು ಮನಸ್ಸಾಗಲಿಲ್ಲ, ಕೋಣೆಗೇ ಒಯ್ದೆ. ಲಿಫ್ಟ್‌ನಲ್ಲಿ ಒಬ್ಬ ಅಜ್ಜಿ ಉದ್ದನೆ ಪೆಟ್ಟಿಗೆ ನೋಡಿ ‘ಗಿಟಾರಾ?’ ಎಂದು ಕೇಳಿದರು. ನಾನು ಸುಮ್ನೆ ನಕ್ಕೆ.

ಆದರೆ ಒಂದು ಮಾತು. ಕೆಲಸಗಾರನ ಮೇಜಿನ ಪಕ್ಕ ನಿಂತು ನೋಡುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಅವನು ಮರವನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಮುಂದಕ್ಕೆ ‘ಟಣ್’ ಎಂದಿತು, ಗುಂಡು ತುಂಬುವ ಮ್ಯಾಗಜಿನ್ ಹತ್ತಿರ ‘ಡಬ್’ ಎಂದಿತು. ‘ಇಲ್ಲಿದೆ ಬಿರುಕು’ ಎಂದ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಿಚ್ಚಿ ತೋರಿಸಿದಾಗ ಕೂದಲೆಳೆಯಷ್ಟು ಸೀಳು ಇತ್ತು. ಗುಂಡು ಹಾರಿದಾಗ ಒದೆತ ಬೀಳುವ ಜಾಗದಲ್ಲಿ ಇಚ್ಛಾಪುರದವರು ಕೂರಿಸಿದ್ದ ಲೋಹದ ಪುಟ್ಟ ತಗಡುಗಳು, ಮರ ಸೀಳದಿರಲಿ ಎಂದು ಅಡ್ಡಕ್ಕೆ ಹಾಕಿದ್ದ ಸ್ಕ್ರೂ, ಎಲ್ಲವನ್ನೂ ತೋರಿಸಿದ. ಆ ಸ್ಕ್ರೂಗೆ ಇಲ್ಲಿನ ಹವ್ಯಾಸಿಗಳು ‘ಇಶಾಪುರ್ ಸ್ಕ್ರೂ’ ಎಂದೇ ಕರೆಯುತ್ತಾರೆ. ಇಷ್ಟೆಲ್ಲ ಚೆಂದ. ಆದರೆ ಬಿಟ್ಟು ಬರಲು ಒಮ್ಮೆ, ತರಲು ಒಮ್ಮೆ, ಎರಡು ಸಲ ಹೋಗಬೇಕಲ್ಲ! ತರಲು ನಾನು ಹೋಗಲೇ ಇಲ್ಲ, ಅವನೇ ಮನೆಗೆ ಅಂಚೆಯಲ್ಲಿ ಕಳಿಸಿದ. ಆಗ ತಲೆಗೆ ಹೊಳೆಯಿತು, ಬರುವಾಗ ಅಂಚೆ ಆಗುವುದಾದರೆ ಹೋಗುವಾಗ ಯಾಕೆ ಬೇಡ?

ಅಂಚೆಯ ನಿಯಮಗಳು ಅಂಚೆ ಇಲಾಖೆಯ ಪಬ್ಲಿಕೇಷನ್ 52ರಲ್ಲಿವೆ. ಖಾಲಿ ರೈಫಲನ್ನೂ ಶಾಟ್‌ಗನ್ನನ್ನೂ ಸಾಮಾನ್ಯ ಮನುಷ್ಯ ಬೇರೆ ರಾಜ್ಯದ ಲೈಸೆನ್ಸ್ ಇರುವವನಿಗೆ ಕಳಿಸಬಹುದು. ಗುಂಡು ಮಾತ್ರ ಒಂದೇ ಒಂದೂ ಹೋಗುವಂತಿಲ್ಲ. ಪಿಸ್ತೂಲು, ರಿವಾಲ್ವರ್‌ಗಳದು 1927ರ ಕಾನೂನಿನಿಂದ ಬೇರೆಯೇ ತಲೆನೋವು, ನನ್ನ ಹತ್ತಿರ ಅವಿಲ್ಲ. 1898 ಅಥವಾ ಅದಕ್ಕೂ ಮೊದಲು ತಯಾರಾದ್ದಾದರೆ ಫೆಡರಲ್ ಲೆಕ್ಕದಲ್ಲಿ ಅದು ಪುರಾತನ ವಸ್ತು, ಅದರ ದಾರಿ ಇನ್ನೂ ಸಲೀಸು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆಯವರು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ, ಟೆಕ್ಸಾಸ್ ನೋಡಿ ಮೋಸ ಹೋಗಬೇಡಿ.

ಕೆಲಸಗಾರ ತನ್ನ ಲೈಸೆನ್ಸಿನ ಪ್ರತಿ ಈಮೇಲ್‌ನಲ್ಲಿ ಕಳಿಸಿದ. ಅದರ ನಂಬರನ್ನು ಬಂದೂಕು ಲೈಸೆನ್ಸ್ ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್‌ನ ಈಝಿ ಚೆಕ್ ಜಾಲತಾಣದಲ್ಲಿ ಹಾಕಿ ನೋಡಿದರೆ ನಿಜವೋ ಸುಳ್ಳೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ಚಿಮ್ಮಿಸಿದರೆ ಕಳಚಿ ಬರುತ್ತದೆ. ಅದನ್ನು ಹಳೆಯ ಕಾಲುಚೀಲದೊಳಗೆ ತೂರಿಸಿ, ರೈಫಲ್‌ಗೆ ತಾಗದ ಹಾಗೆ ಅದೇ ಪೆಟ್ಟಿಗೆಯಲ್ಲಿಟ್ಟೆ. ಬೋಲ್ಟಿನ ನಂಬರ್, ರೈಫಲ್‌ನ ನಂಬರ್ ಒಂದೇ ಇರಬೇಕು, ಇಲ್ಲದಿದ್ದರೆ ಸಂಗ್ರಹದ ಬೆಲೆಯೇ ಬಿದ್ದುಹೋಗುತ್ತದೆ. ಅದಕ್ಕೇ ಕಳಿಸುವ ಮೊದಲು ಎರಡರ ಫೋಟೋ ತೆಗೆದುಕೊಂಡೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಹೊರಗೆ ದಪ್ಪ ರಟ್ಟಿನ ಡಬ್ಬ. ರೈಫಲ್ 44.5 ಇಂಚು, ಡಬ್ಬ 52 ಇಂಚು. ಪ್ರಯಾರಿಟಿ ಮೇಲ್ ಆದರೆ ಉದ್ದ, ಸುತ್ತಳತೆ ಕೂಡಿಸಿ 108 ಇಂಚು ದಾಟಬಾರದು. ನನ್ನದು 88 ಬಂತು. ಸಹಿ ಪಡೆದೇ ಕೊಡುವ ಸೇವೆ, ವಿಮೆ ಎರಡೂ ಹಾಕಿಸಿದೆ. ಎಲ್ಲ ಸೇರಿ ಎಪ್ಪತ್ತು ಡಾಲರ್ ಒಳಗೆ. ಒಳಗೇನಿದೆ ಎಂದು ಕೇಳಿದರು, ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಐದೇ ದಿನಕ್ಕೆ ತಲುಪಿತು, ಒಂದು ಗೀರೂ ಇಲ್ಲ.

ಇನ್ನು ನನ್ನ ಎಡವಟ್ಟು. ಡಬ್ಬದೊಳಗೆ ಒಂದು ಚೀಟಿ ಇಡಬೇಕು. ಯಾರದು, ಏನು ಕೆಲಸ, ಎಲ್ಲಿಗೆ ವಾಪಸ್ ಕಳಿಸಬೇಕು, ಅಷ್ಟೇ. ಜೊತೆಗೆ ಡ್ರೈವಿಂಗ್ ಲೈಸೆನ್ಸಿನ ಪ್ರತಿ. ನಾನು ಊರಿನ ಅಭ್ಯಾಸದಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರಿನ ಒಂದಕ್ಷರ, ಕೊನೆಗೆ ನನ್ನ ಹೆಸರು ಬರೆದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಮನೆತನದ ಹೆಸರೇ ಇಲ್ಲ! ಮೊದಲ ಪಾಸ್‌ಪೋರ್ಟ್ ಮಾಡಿಸುವಾಗ ಯಾರೋ ಅಪ್ಪನ ಹೆಸರನ್ನು ಕೊನೆಯ ಹೆಸರಿನ ಜಾಗಕ್ಕೆ ಹಾಕಿದರು, ಅಂದಿನಿಂದ ಅಮೆರಿಕ ಸರಕಾರಕ್ಕೆ ನಾನು ಅಪ್ಪನ ಹೆಸರಿನವನು. ನಮ್ಮಲ್ಲಿ ಯಾರಿಗೆ ಈ ಗೋಳು ಇಲ್ಲ ಹೇಳಿ. ಬೆಂಗಳೂರಿನವನಾದರೆ ಇನಿಷಿಯಲ್ ಬಿಡಿಸಿ ಅಜ್ಜನ ಊರೇ ಕೊನೆಯ ಹೆಸರಾಗಿರುತ್ತದೆ.

ಕೆಲಸಗಾರ ಫೋನ್ ಮಾಡಿದ. ‘ಚೀಟಿಯಲ್ಲಿ ಒಬ್ಬ, ಕಾರ್ಡಿನಲ್ಲಿ ಇನ್ನೊಬ್ಬ. ರೈಫಲ್ ಯಾರದು?’ ನಾನು ನಕ್ಕೆ. ಅವನು ನಗಲಿಲ್ಲ. ಅವನ ಅಂಗಡಿಗೆ ಬಂದ ಪ್ರತಿ ಬಂದೂಕೂ ಪುಸ್ತಕಕ್ಕೆ ಏರಬೇಕು, ಯಾರಿಂದ ಬಂತು, ಯಾರಿಗೆ ಹೋಯಿತು ಎಂದು. ಫಾರಂ ಇಲ್ಲದೆ ವಾಪಸ್ ಕೊಡುವ ಸವಲತ್ತು ಇರುವುದು ಬಂದವನಿಗೇ ಹಿಂತಿರುಗಿಸಿದರೆ ಮಾತ್ರ. ಬೇರೆ ಹೆಸರಿಗೆ ಹೋದರೆ ಅದು ಮಾರಾಟದ ಲೆಕ್ಕ. ಎಟಿಎಫ್‌ನವರು ಬಂದು ಪುಟ ತಿರುಗಿಸಿದರೆ ಅವನ ಲೈಸೆನ್ಸಿಗೇ ಕುತ್ತು. ಅವನು ಪುಸ್ತಕದಲ್ಲಿ ಚೀಟಿ ನೋಡಿ ಮನೆತನದ ಹೆಸರನ್ನೇ ಬರೆದಾಗಿತ್ತು.

ಎರಡು ವಾರ ಇದರಲ್ಲೇ ಹೋಯಿತು. ಹೆಸರಿನ ಪದ್ಧತಿ ವಿವರಿಸಿ ಒಂದು ಪತ್ರ, ಪಾಸ್‌ಪೋರ್ಟಿನ ಪ್ರತಿ, ರೈಫಲ್ ಕೊಂಡಾಗಿನ ರಸೀದಿ ಎಲ್ಲ ಕಳಿಸಿದೆ. ಮದುವೆಗೆ ಗಂಡಿನ ಕಡೆಯವರು ಕುಲಗೋತ್ರ ವಿಚಾರಿಸುವುದೂ ಇಷ್ಟು ಕಟ್ಟುನಿಟ್ಟಿಲ್ಲ. ಕೊನೆಗೆ ಅವನು ಹಳೆಯ ಸಾಲಿಗೆ ಒಂದೇ ಗೀಟು ಹೊಡೆದು, ಮೇಲೆ ಸರಿಯಾದ ಹೆಸರು ಬರೆದು, ಪಕ್ಕದಲ್ಲಿ ತನ್ನ ಇನಿಷಿಯಲ್, ತಾರೀಕು ಹಾಕಿ ಫೋಟೋ ಕಳಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ಹುಷಾರಾದವನು ಮರವನ್ನೂ ಹುಷಾರಾಗಿಯೇ ಮುಟ್ಟುತ್ತಾನೆ.

ಯಾರಿಗೆ ಯಾವುದು ಎಂದರೆ, ಅಂಗಡಿಯವನು ನೆಂಟನಾಗಿದ್ದು, ಡಬ್ಬ ಕಟ್ಟುವಾಗ ನೀವು ಎದುರಿಗೇ ನಿಂತಿರುವುದಾದರೆ ಮೊದಲ ದಾರಿ. ಕೆಲಸಗಾರ ಮೂರು ಗಂಟೆಯ ದೂರದಲ್ಲಿದ್ದರೆ ಕಾರೇ ಸರಿ, ನಾನೂ ಹಾಗೇ ಮಾಡುತ್ತಿದ್ದೆ. ಅಥವಾ ರೈಫಲ್ ತಾತನ ಕಾಲದ್ದಾಗಿದ್ದು, ಕಳೆದರೆ ವಿಮೆಯ ದುಡ್ಡು ಸಿಕ್ಕರೂ ನಿದ್ದೆ ಬರುವುದಿಲ್ಲ ಎನ್ನುವಂತಿದ್ದರೆ ಕಾರು. ನನಗೆ ವರ್ಷಕ್ಕೆ ಇರುವುದೇ ಹದಿನೈದು ದಿನ ರಜೆ. ಅದರಲ್ಲಿ ಹತ್ತು ಊರಿಗೆ ಬೇಕು. ನನ್ನ ರೈಫಲ್‌ಗಳು ಒಂದೊಂದೂ ಏಳೆಂಟು ನೂರು ಡಾಲರ್ ದಾಟುವುದಿಲ್ಲ. ಅಂಥದ್ದಕ್ಕೆ ಪೆಟ್ರೋಲು, ಮೋಟೆಲ್, ಎರಡು ದಿನ ರಜೆ ಸುರಿಯುವುದು ನನ್ನ ಲೆಕ್ಕಕ್ಕೆ ಕೂರುವುದಿಲ್ಲ.

ಎರಡನೇ 2ಎ1 ಆಗಸ್ಟ್ 29ಕ್ಕೆ ಮನೆಗೆ ಬಂತು. ಸಹಿ ಹಾಕಲೆಂದು ಆ ದಿನ ಮನೆಯಿಂದಲೇ ಕೆಲಸ ಮಾಡಿದೆ. ಪೆಟ್ಟಿಗೆ ಈಗ ಗ್ಯಾರೇಜಿನಲ್ಲಿದೆ, ಅದರ ಮುಚ್ಚಳದ ಒಳಗೆ ಡ್ರೈವಿಂಗ್ ಲೈಸೆನ್ಸಿನಲ್ಲಿ ಇರುವ ಹಾಗೇ ನನ್ನ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ. ಊರಿಂದ ಬಂದಿದ್ದ ಅವ್ವ ಅದನ್ನು ಓದಿ, ‘ಮನೆ ಹೆಸರೆಲ್ಲಿ?’ ಎಂದು ಕೇಳಿದರು.